ಕೆಂಪಿಯ ಕೊರಳ ಕೊರಡು

ಪುಟ್ಟತಾಯಮ್ಮನ ಅಡುಗೆಮನೆಯಲ್ಲಿ ಆ ವರ್ಷ ಒಂದು ಗ್ಯಾಸ್ ಲೈಟರೂ ಬಾಳಲಿಲ್ಲ. ಹೊಳೆನರಸೀಪುರದ ಪೇಟೆಯಿಂದ ಹೊಸದು ತಂದು ಒಲೆಯ ಪಕ್ಕದ ಮೊಳೆಗೆ ನೇತುಹಾಕಿದರೆ ವಾರದೊಳಗೆ ಮಾಯ. ಮೊದಲು ಇಲಿಯ ಮೇಲೆ ಅನುಮಾನ ಬಂತು, ಆಮೇಲೆ ಗಂಡನ ಮೇಲೆ. ಗಂಡ ದ್ಯಾವಯ್ಯ ಬೀಡಿ ಬಿಟ್ಟು ಯಾವ ಕಾಲವಾಗಿತ್ತೋ. ಆದರೂ ಬೈಸಿಕೊಂಡು ತೆಪ್ಪಗಿದ್ದ. ಬೈಸಿಕೊಳ್ಳುವುದು ಅವನಿಗೆ ಮುದ್ದೆ ನುಂಗಿದಷ್ಟು ಸಲೀಸು. ಕೊನೆಗೆ ಸಿಕ್ಕಿಬಿದ್ದವಳು ಮಗಳು ನಿಸರ್ಗ. ಹಾಸನದ ಇಂಜಿನಿಯರಿಂಗ್ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಹುಡುಗಿ, ಹಜಾರದ ಮೂಲೆಯಲ್ಲಿ ಕೂತು ಲೈಟರುಗಳ ಹೊಟ್ಟೆ ಬಗೆದು ಒಳಗಿನದನ್ನೆಲ್ಲ ಹಳೇ ಪೇಪರಿನ ಮೇಲೆ ಹರವಿಕೊಂಡಿದ್ದಳು.

ಬೈಗುಳ ಮುಗಿಯುವವರೆಗೂ ಕಾದು ಮಗಳು ವಿಷಯ ಬಿಡಿಸಿ ಹೇಳಿದಳು. ಲೈಟರಿನೊಳಗೆ ಪುಟಾಣಿ ಸುತ್ತಿಗೆಯೊಂದಿದೆ. ನಾವು ಒತ್ತಿದಾಗ ಅದು ಸಣ್ಣ ಹರಳೊಂದಕ್ಕೆ ಟಕ್ಕನೆ ಬಡಿಯುತ್ತದೆ. ಆ ಏಟಿಗೇ ಕರೆಂಟು ಹುಟ್ಟಿ ಕಿಡಿ ಹಾರುವುದು, ಬ್ಯಾಟರಿಯೂ ಬೇಡ ಏನೂ ಬೇಡ. ಒಂದು ಏಟಿಗೆ ಒಂದು ಕಿಡಿ ಬರುವುದಾದರೆ, ಏಟು ಬೀಳುತ್ತಲೇ ಇರುವ ಜಾಗ ಸಿಕ್ಕಿದರೆ ದೀಪವನ್ನೇ ಉರಿಸಬಹುದಲ್ಲ ಎನ್ನುವುದು ಅವಳ ಲೆಕ್ಕಾಚಾರ. ಕಾಲೇಜಿನ ಕೊನೆಯ ವರ್ಷಕ್ಕೆ ಅದನ್ನೇ ಮಾಡಿ ತೋರಿಸಬೇಕೆಂದು ಹೊರಟಿದ್ದಳು. ಏಟು ಬಿದ್ದರೆ ಬೆಳಕಾಗುವುದಾದರೆ ನಿನ್ನ ಬೆನ್ನಿಗೆ ಎರಡು ಬಿಟ್ಟು ನೋಡುತ್ತೇನೆ, ಮನೆಯೆಲ್ಲ ಝಗಝಗ ಅನ್ನಲಿ ಎಂದು ಪುಟ್ಟತಾಯಮ್ಮ ರೇಗಿದಳು. ರೇಗಿದ್ದು ನಿಜ. ಆದರೆ ಮಾರನೆಯ ದಿನ ಡೈರಿಗೆ ಹಾಲು ಹಾಕಲು ಹೋದಾಗ, ನಮ್ಮ ಹುಡುಗಿ ಏಟಿನಿಂದ ಕರೆಂಟು ತೆಗೆಯುತ್ತಾಳಂತೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿ ಬಂದಳು.

ಅವಳ ಸ್ವಭಾವವೇ ಹಾಗೆ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಗೆ ಅಂಟಿಕೊಂಡಿರುವ ಬಿದರಕೊಪ್ಪಲಿನಲ್ಲಿ ಪುಟ್ಟತಾಯಮ್ಮ ಎಂದರೆ ಕತ್ತು ಬಗ್ಗಿಸದ ಹೆಂಗಸು. ತನ್ನ ಸೊಪ್ಪಿನ ಸಾರಿಗೆ ಸಮ ಇಲ್ಲ, ತನ್ನ ಹಿತ್ತಲಿನ ಅವರೆಗೆ ಸಮ ಇಲ್ಲ, ತನ್ನ ಮಗಳ ಬುದ್ಧಿಗಂತೂ ಹಾಸನ ಜಿಲ್ಲೆಯಲ್ಲೇ ಸಮ ಇಲ್ಲ. ಇಷ್ಟು ಜಂಬದ ಹೆಂಗಸು ಒಂದೇ ಒಂದು ವಿಷಯಕ್ಕೆ ಸೆರಗು ಮುಖಕ್ಕೆಳೆದುಕೊಳ್ಳಬೇಕಾಗಿತ್ತು. ಅದು ಅವಳ ಹಸು ಕೆಂಪಿ.

ಕೆಂಪಿ ತುಡುಗು ದನ. ಹಗ್ಗ ಕಿತ್ತು, ಬೇಲಿ ಹಾರಿ, ಕಂಡವರ ಹೊಲಕ್ಕೆ ನುಗ್ಗಿ ಮೇಯುವ ದನಕ್ಕೆ ಆ ಕಡೆ ಹಾಗೆ ಹೇಳುತ್ತಾರೆ. ಅಂಥ ದನದ ಕೊರಳಿಗೆ ಮೊಳದುದ್ದದ ಮರದ ಕೊರಡೊಂದನ್ನು ಅಡ್ಡಲಾಗಿ ಕಟ್ಟಿ ನೇತುಬಿಡುವುದು ಊರಿನ ಪದ್ಧತಿ. ಹೆಜ್ಜೆ ಹೆಜ್ಜೆಗೂ ಕೊರಡು ಮಂಡಿಗೆ ಬಡಿಯುವುದರಿಂದ ಓಟಕ್ಕೆ ತಡೆ. ಅದಕ್ಕಿಂತ ಹೆಚ್ಚಾಗಿ, ದಾರಿಯಲ್ಲಿ ನೋಡಿದವರಿಗೆಲ್ಲ ಇದು ಕಳ್ಳದನ ಎಂದು ಗುರುತು. ಕೊರಡು ಕಟ್ಟಿದ ಹಸು ಯಾರ ಮನೆಯದು ಎಂದು ನೆಂಟರು ಕೇಳಿದಾಗ ಪುಟ್ಟತಾಯಮ್ಮನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಹಾಗಂತ ಅದನ್ನು ಬಿಟ್ಟುಕೊಡುವ ಮನಸ್ಸೂ ಇರಲಿಲ್ಲ. ಕೆಂಪಿಯ ತಾಯಿ ಸತ್ತದ್ದು ಊರ ಮುಂದಿನ ಆ ರಸ್ತೆಯ ತಿರುವಿನಲ್ಲೇ. ನಾಲೆಯ ಆಚೆ ಮೇದು ಮುಸ್ಸಂಜೆಯಲ್ಲಿ ಮನೆಗೆ ಬರುತ್ತಿದ್ದಾಗ ಯಾವುದೋ ಕಾರು ಗುದ್ದಿ ಹೋಯಿತು. ಕರು ಆಗ ಇನ್ನೂ ಕಾಲು ಗಟ್ಟಿಯಾಗದ ಎಳಸು. ಪುಟ್ಟತಾಯಮ್ಮ ಬಾಟಲಿಗೆ ನಿಪ್ಪಲ್ ಹಾಕಿ ಹಾಲು ಕುಡಿಸಿದಳು, ಚಳಿಯಾಗುತ್ತದೆಂದು ಅಡುಗೆಮನೆಯಲ್ಲೇ ಮಲಗಿಸಿದಳು. ಹಿಟ್ಟಿನ ಮಡಕೆಗೆ ಬಾಯಿ ಹಾಕಿದರೂ ನಕ್ಕು ಸುಮ್ಮನಾದಳು. ಹಾಗೆ ಬೆಳೆದದ್ದಕ್ಕೆ ಲೋಕದಲ್ಲಿ ಹಸಿರಾಗಿರುವುದೆಲ್ಲ ತನ್ನದೇ ಅನ್ನಿಸಿದ್ದರೆ ಅದರ ತಪ್ಪೇನು ಹೇಳಿ.

ಈ ಮಾತನ್ನು ಚನ್ನಪ್ಪನಿಗೆ ಹೇಳುವವರು ಯಾರು? ಚನ್ನಪ್ಪ ದ್ಯಾವಯ್ಯನ ದೊಡ್ಡಪ್ಪನ ಮಗ, ಪುಟ್ಟತಾಯಮ್ಮನಿಗೆ ಭಾವ, ಊರಿನ ಡೈರಿಗೆ ಅಧ್ಯಕ್ಷ. ಅವನ ಹಸು ಕಾವೇರಿ ಊರಿಗೇ ಮುಂದಾಳು. ಬೆಳಿಗ್ಗೆ ಕಾವೇರಿ ಹೊರಟ ಮೇಲೆಯೇ ಉಳಿದ ದನಗಳು ಹೊರಡಬೇಕು. ಕೊರಳಲ್ಲಿ ಅವರಜ್ಜನ ಕಾಲದ ಕಂಚಿನ ಗಂಟೆ, ನಡಿಗೆಯೋ ಹಸೆಮಣೆಗೆ ಹೊರಟ ಮದುಮಗಳದು. ಆ ಗಂಟೆಯ ದನಿ ಕೇಳಿದರೆ ಚನ್ನಪ್ಪನ ಎದೆ ಒಂದು ಗೇಣು ಅಗಲವಾಗುತ್ತಿತ್ತು. ಅವನ ಹೊಲದ ಮುಸುಕಿನ ಜೋಳಕ್ಕೇ ಕೆಂಪಿ ಆ ಮಳೆಗಾಲ ಮೇಲಿಂದ ಮೇಲೆ ನುಗ್ಗಿತು.

ಕೊನೆಗೆ ಒಂದು ಬೆಳಿಗ್ಗೆ ಡೈರಿಯ ಮುಂದೆ, ಊರೆಲ್ಲ ಹಾಲಿನ ಕ್ಯಾನು ಹಿಡಿದು ನಿಂತಿರುವಾಗ, ಚನ್ನಪ್ಪ ಬಾಯಿಬಿಟ್ಟ. ಒಂದು ಮನೆಯ ಮುದ್ದಿಗೆ ಇನ್ನೊಂದು ಮನೆಯ ಬೆಳೆ ಹೋಗಬಾರದು ಎಂದು ಶುರುಮಾಡಿದ. ಪುಟ್ಟತಾಯಮ್ಮ ತಪ್ಪಾಯಿತು ಭಾವ ಎಂದು ಒಂದು ಮಾತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಅವಳ ಕತ್ತು ಬಗ್ಗಬೇಕಲ್ಲ!

“ಬರೋ ಕೊಣನೂರು ಸಂತೆಗೆ ಹೊಡ್ಕಂಡೋಗಿ ಮಾರ್ಬುಡ್ತೀನಿ ಭಾವ. ಇಷ್ಟು ಜನದ ಮುಂದೆ ಏಳ್ತಾ ಇವ್ನಿ. ಮಾತು ಅಂದ್ರೆ ಮಾತು” ಎಂದುಬಿಟ್ಟಳು.

ಮನೆಗೆ ಬಂದವಳು ಕೊಟ್ಟಿಗೆಯ ಬಾಗಿಲು ಮುಂದೆ ಮಾಡಿಕೊಂಡು, ಕೆಂಪಿಯ ಕತ್ತು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಕೆಂಪಿ ಅವಳ ಸೆರಗಿನ ತುದಿಯನ್ನು ಮೆಲ್ಲತೊಡಗಿತು. ದ್ಯಾವಯ್ಯ ಬಾಗಿಲ ಹೊರಗೆ ನಿಂತು ಕೆಮ್ಮಿ ಹೋದ.

ಇತ್ತ ನಿಸರ್ಗಳ ಕೆಲಸ ಒಂದು ಹದಕ್ಕೆ ಬಂದಿತ್ತು. ಮೊಳದುದ್ದದ ಹಲಸಿನ ಮರದ ತುಂಡನ್ನು ಬಡಗಿಯ ಹತ್ತಿರ ಉದ್ದಕ್ಕೂ ಟೊಳ್ಳು ಕೊರೆಸಿದ್ದಳು. ಒಳಗೆ ಟ್ರ್ಯಾಕ್ಟರಿನ ಹಳೇ ಬೇರಿಂಗಿನಿಂದ ತೆಗೆದ ಉಕ್ಕಿನ ಗುಂಡುಗಳು. ಎರಡು ತುದಿಯಲ್ಲೂ ಹಾಸನದ ಅಂಗಡಿಯಿಂದ ತಂದ, ಹರಳಿನ ಲೇಪವಿದ್ದ ಹಿತ್ತಾಳೆ ಬಿಲ್ಲೆಗಳು. ಲೈಟರಿನ ಹರಳಿನ ಹಾಗೇ ಏಟು ಬಿದ್ದರೆ ಕರೆಂಟು ಕೊಡುವಂಥವು. ತುಂಡನ್ನು ಅಲ್ಲಾಡಿಸಿದರೆ ಗುಂಡುಗಳು ಆ ತುದಿಗೊಮ್ಮೆ ಈ ತುದಿಗೊಮ್ಮೆ ಓಡಿ ಬಿಲ್ಲೆಗೆ ಬಡಿಯಬೇಕು, ಎರಡು ತುದಿಗೂ ಕೂರಿಸಿದ ಕೆಂಪು ದೀಪ ಮಿನುಗಬೇಕು. ದನದ ಕೊರಳಿಗೆ ಕಟ್ಟಿದರೆ ಮುಸ್ಸಂಜೆಯಲ್ಲಿ ರಸ್ತೆಯ ಎರಡು ಕಡೆಯ ಗಾಡಿಯವರಿಗೂ ದೂರದಿಂದಲೇ ಕಾಣುತ್ತದೆ. ಕೆಂಪಿಯ ತಾಯಿ ಸತ್ತ ದಿನ ಇಂಥದ್ದೊಂದು ಇದ್ದಿದ್ದರೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಪುಟ್ಟತಾಯಮ್ಮನಿಗೆ ಹೇಳದೆಯೇ ಗೊತ್ತಾಯಿತು, ಮಗಳ ತಲೆ ನೇವರಿಸಿ ಒಳಗೆ ಹೋದಳು.

ಅವಳಿಗೆ ಗೊತ್ತಾಗದೇ ಇದ್ದ ಇನ್ನೊಂದು ವಿಷಯವಿತ್ತು. ಈ ಕರೆಂಟೆಲ್ಲ ಎಲ್ಲಿಂದ ಬರುತ್ತದೆ, ಸುಮ್ಮನೆ ಗಾಳಿಯಲ್ಲಿ ಹುಟ್ಟುತ್ತದೆಯೇ ಎಂದು ಕೇಳಿದಳು. ಸುಮ್ಮನೆ ಯಾವುದೂ ಹುಟ್ಟುವುದಿಲ್ಲ, ದನದ ಕಾಲಿನ ಬಲ ಗುಂಡಿಗೆ ಬರುತ್ತದೆ, ಗುಂಡಿನ ಏಟು ದೀಪವಾಗುತ್ತದೆ, ಕಾಲಿಗೆ ಬಲ ಮೇವಿನಿಂದ ಬರುತ್ತದೆ ಎಂದಳು ಮಗಳು. ಹಾಗಾದರೆ ಕೆಂಪಿಯ ದೀಪ ಉರಿದರೆ ಅದು ಚನ್ನಪ್ಪ ಭಾವನ ಜೋಳದಿಂದಲೇ ಉರಿಯಬೇಕು ಎಂದು ಪುಟ್ಟತಾಯಮ್ಮ ಲೆಕ್ಕ ಹಾಕಿ, ಅಷ್ಟು ದುಃಖದಲ್ಲೂ ಕಿಸಕ್ಕನೆ ನಕ್ಕಳು.

ಆದರೆ ನಿಸರ್ಗ ಕೆಂಪಿಗೆ ಕಟ್ಟಲಿಲ್ಲ. ಸಂತೆಗೆ ಹೋಗುವ ದನ, ಕಟ್ಟಿ ಏನು ಮಾಡುವುದು? ಊರಿಗೆ ಮುಂದಾಳಾದ ಕಾವೇರಿಗೆ ಕಟ್ಟಿದರೆ ಉಳಿದವರೂ ಒಪ್ಪುತ್ತಾರೆ ಎಂದುಕೊಂಡು ಚನ್ನಪ್ಪನನ್ನು ಕೇಳಿದಳು. ಮೊದಲ ದೀಪ ತನ್ನ ಕಾವೇರಿಗೇ ಎಂದು ಅವನು ಹಿಗ್ಗಿ ಹೀರೇಕಾಯಿಯಾದ. ಹಸುವಿಗೆ ಸ್ನಾನ ಮಾಡಿಸಿ, ಹಣೆಗೆ ಅರಿಶಿನ ಕುಂಕುಮ ಇಟ್ಟು, ತಾನೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಂಜೆ ಬೀದಿಗೆ ತಂದು ನಿಲ್ಲಿಸಿದ. ಹುಡುಗಿ ತುಂಡಿಗೆ ಚೆನ್ನಾಗಿ ಪಾಲಿಶ್ ಹೊಡೆದಿದ್ದಳು, ಹೊಸ ನೂಲಿನ ಹಗ್ಗ ಹಾಕಿದ್ದಳು. ಅವಳ ಕಣ್ಣಿಗೆ ಅದು ಯಂತ್ರ. ಅದನ್ನು ಕಾವೇರಿಯ ಕೊರಳಿಗೆ ಕಟ್ಟಿದ್ದೇ ತಡ, ಬೀದಿಯಲ್ಲಿ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು.

ಊರಿನ ಕಣ್ಣಿಗೆ ಅದು ಕೊರಡು. ಪಾಲಿಶ್ ಹೊಡೆದರೂ ಕೊರಡು, ದೀಪ ಇಟ್ಟರೂ ಕೊರಡು. ಕಾವೇರಿ ಯಾವಾಗಿಂದ ಕಳ್ಳಿಯಾದಳು ಎಂದು ಹಿಂದಿನಿಂದ ಯಾರೋ ಕೇಳಿಯೇಬಿಟ್ಟರು. ಅದಕ್ಕಿಂತ ಕೆಟ್ಟದ್ದೆಂದರೆ ದೀಪವೇ ಹತ್ತಲಿಲ್ಲ. ಕಾವೇರಿ ತನ್ನ ಗತ್ತಿನಲ್ಲಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದುಹೋದಳು. ಒಳಗಿನ ಗುಂಡು ಕದಲಿದ್ದರೆ ಕೇಳಿ. ಮದುಮಗಳ ನಡಿಗೆಗೆ ಏಟೆಲ್ಲಿಂದ ಬರಬೇಕು? ಚನ್ನಪ್ಪ ಕಿವಿಯವರೆಗೂ ಕೆಂಪಾಗಿ, ತಾನೇ ಹಗ್ಗ ಬಿಚ್ಚಿ, ಕೊರಡನ್ನು ತಂದು ಪುಟ್ಟತಾಯಮ್ಮನ ಜಗಲಿಯ ಮೇಲೆ ದೊಪ್ಪನೆ ಹಾಕಿದ. ತಾಯಿ ಮಗಳು ಸೇರಿ ಬೇಕೆಂದೇ ಮರ್ಯಾದೆ ತೆಗೆದಿರಿ ಎನ್ನುವುದು ಅವನ ಅರ್ಥ. ಅಷ್ಟು ಕೆಟ್ಟ ಮಾತನ್ನು ಅವನು ಆಡಲಿಲ್ಲ, ಮುಖ ನೋಡಿದರೆ ಸಾಕಾಗಿತ್ತು.

ನಿಸರ್ಗ ಊಟ ಬಿಟ್ಟು ಕೂತಳು. ಪುಟ್ಟತಾಯಮ್ಮನಿಗೆ ರೋಷ ಉಕ್ಕಿ ಬಂತು. ಹೇಗೂ ಮಾನ ಹೋದ ದನ ಇದ್ದೇ ಇದೆ ನಮ್ಮ ಮನೆಯಲ್ಲಿ, ಅದರ ಕೊರಳಿಗೇ ಇರಲಿ ಎಂದು ಜಗಲಿಯ ಮೇಲಿದ್ದ ಕೊರಡನ್ನೆತ್ತಿಕೊಂಡು ಕೊಟ್ಟಿಗೆಗೆ ಹೋಗಿ, ಹಳೆಯದನ್ನು ಬಿಚ್ಚಿ ಕೆಂಪಿಗೆ ಕಟ್ಟಿದಳು. ಕೆಂಪಿ ಒಮ್ಮೆ ಕತ್ತು ಕೊಡವಿತು. ಒಳಗೆ ಕಟಕಟ ಸದ್ದಾಗಿ ಎರಡು ತುದಿಯಲ್ಲೂ ಕೆಂಪು ದೀಪ ಫಕ್ಕನೆ ಹತ್ತಿ ಆರಿತು. ಕೊಟ್ಟಿಗೆಯ ಗೋಡೆ, ಹುಲ್ಲು, ಬಾಗಿಲಲ್ಲಿ ನಿಂತ ದ್ಯಾವಯ್ಯನ ಬೋಳು ತಲೆ ಎಲ್ಲ ಒಂದು ಗಳಿಗೆ ಕೆಂಪಾದವು. ಪುಟ್ಟತಾಯಮ್ಮ ಮಗಳನ್ನು ಕೂಗಿದ ಕೂಗು ನಾಲೆಯ ಆಚೆಗೂ ಕೇಳಿರಬೇಕು.

ಮಾರನೆಯ ಸಂಜೆ ಕೆಂಪಿ ಎಂದಿನಂತೆ ಚನ್ನಪ್ಪನ ಜೋಳಕ್ಕೆ ನುಗ್ಗಿತು. ಆದರೆ ಈ ಸಲ ಬೇಲಿ ಹಾರಿದಾಗೊಮ್ಮೆ ಫಳ್, ತೆನೆ ಕಿತ್ತಾಗೊಮ್ಮೆ ಫಳ್. ಮೊದಲೆಲ್ಲ ಕತ್ತಲಾದರೆ ಕಳ್ಳಿಯನ್ನು ಹುಡುಕಲು ಬ್ಯಾಟರಿ ಹಿಡಿದು ಓಡಾಡಬೇಕಾಗಿತ್ತು; ಈಗ ಕಳ್ಳಿಯೇ ದೀಪ ಹಿಡಿದು ಬಂದಿದ್ದಾಳೆ. ಚನ್ನಪ್ಪ ಕೆಂಪಿಯನ್ನು ಹಿಡಿದು ತಂದು ಕಟ್ಟಿ, ನಾಳಿದ್ದು ಸಂತೆ ಎಂದಷ್ಟೇ ಹೇಳಿ ಹೋದ. ಕೊಟ್ಟ ಮಾತು ತನಗೆ ನೆನಪಿದೆ ಎಂದು ಪುಟ್ಟತಾಯಮ್ಮ ಅಷ್ಟೇ ಬಿಗಿಯಾಗಿ ಹೇಳಿದಳು.

ಸಂತೆಯ ಹಿಂದಿನ ಸಂಜೆ ಅವಳು ತೌಡು ಕಲಸಿದ ಬೋಗುಣಿ ಹಿಡಿದು ರಸ್ತೆಯ ಪಕ್ಕಕ್ಕೆ ಹೋಗಿ ನಿಂತಳು. ಕೆಂಪಿ ಈ ರಸ್ತೆ ದಾಟಿ ಮನೆಗೆ ಬರುವುದು ಅದೇ ಕೊನೆ. ಆಗಲೇ ಬೆಳಕು ಮಾಸಿ, ನಾಲೆಯ ಕಡೆಯಿಂದ ತೆಳ್ಳಗೆ ಮಂಜು ಏಳುತ್ತಿತ್ತು. ಆಚೆಯಿಂದ ದನ ಬಂದವು. ಹೋಗುವಾಗ ಕಾವೇರಿ ಮುಂದೆ, ಬರುವಾಗ ಮಾತ್ರ ಯಾವತ್ತೂ ಕೆಂಪಿಯೇ ಮುಂದೆ. ಅದಕ್ಕೆ ಮನೆಯ ತೌಡಿನ ಆತುರ. ಬೋಗುಣಿ ಕಂಡದ್ದೇ ಕುಣಿಯುತ್ತಾ ರಸ್ತೆಗಿಳಿಯಿತು, ಕೊರಡು ಮಂಡಿಗೆ ಬಡಿದು, ಗುಂಡು ಬಿಲ್ಲೆಗೆ ಬಡಿದು, ಕೆಂಪು ದೀಪ ಬಿಡುವಿಲ್ಲದೆ ಮಿನುಗಿತು. ಅದರ ಹಿಂದೆ ಕಾವೇರಿ, ಗಂಟೆ ಢಣ್ ಢಣ್ ಎನ್ನಿಸುತ್ತ, ತನ್ನ ಗತ್ತಿನಲ್ಲಿ. ಕಾವೇರಿಯ ಹಿಂದೆ ಕೋಲು ಹಿಡಿದ ಚನ್ನಪ್ಪ.

ತಿರುವಿನಾಚೆಯಿಂದ ಜಲ್ಲಿ ತುಂಬಿದ ಟಿಪ್ಪರ್ ಬಂತು. ಪುಟ್ಟತಾಯಮ್ಮನ ಕೈಯಲ್ಲಿದ್ದ ಬೋಗುಣಿ ಬಿತ್ತು. ಟಿಪ್ಪರಿನ ಬ್ರೇಕು ಕಿರುಚಿತು. ಜಲ್ಲಿ ಸುರಿಯಿತು, ರಬ್ಬರ್ ಸುಟ್ಟ ವಾಸನೆ ಬಂತು. ಗಾಡಿ ನಿಂತಾಗ ಅದರ ಮೂತಿಗೂ ಕಾವೇರಿಯ ಹೊಟ್ಟೆಗೂ ನಡುವೆ ಒಬ್ಬ ಮನುಷ್ಯ ಕಷ್ಟದಲ್ಲಿ ನುಸುಳಬಹುದಾದಷ್ಟು ಜಾಗ ಉಳಿದಿತ್ತು. ಕೆಂಪಿ ಆಗಲೇ ಈಚೆ ಬಂದು, ನೆಲಕ್ಕೆ ಚೆಲ್ಲಿದ ತೌಡು ನೆಕ್ಕುತ್ತಿತ್ತು. ಕತ್ತು ಆಡಿದಾಗಲೆಲ್ಲ ದೀಪ ಮಿನುಗುತ್ತಿತ್ತು.

ಡ್ರೈವರ್ ಇಳಿದು ಬಂದ. ಸಕಲೇಶಪುರದ ಕಡೆಯ ಹುಡುಗ, ದಿಲೀಪ್ ಅಂತ. ತಿರುವಿನಲ್ಲಿ ಕೆಂಪು ದೀಪ ಕಂಡಿತು, ರಸ್ತೆ ಕೆಲಸದವರೋ ಪೊಲೀಸರೋ ಇರಬೇಕು ಅಂತ ಬ್ರೇಕು ಒತ್ತಿದೆ, ದನ ಅಂತ ಆಮೇಲೆ ಕಂಡಿತು ಎಂದ. ಗಂಟೆ ಕೇಳಲಿಲ್ಲವೇನೋ ಎಂದು ಚನ್ನಪ್ಪ ಕೇಳಿದ.

“ಟಿಪ್ಪರ್ ಸದ್ದಲ್ಲಿ ಗಂಟೆ ಎಲ್ಲಿ ಕೇಳ್ತದೆ ಸಾ” ಎಂದ ಹುಡುಗ.

ಚನ್ನಪ್ಪ ಕಾವೇರಿಯ ಬೆನ್ನ ಮೇಲೆ ಕೈಯಿಟ್ಟುಕೊಂಡು, ಆ ಕೈ ತೆಗೆಯದೆ, ಮನೆಯವರೆಗೂ ನಡೆದುಹೋದ.

ಬೆಳಿಗ್ಗೆ ಮನೆ ಮುಂದೆ ಗೂಡ್ಸ್ ಗಾಡಿ ಬಂದು ನಿಂತಿತು. ಪುಟ್ಟತಾಯಮ್ಮ ಕೆಂಪಿಗೆ ಮೈ ತೊಳೆದು, ಕೊರಡು ಬಿಚ್ಚಿ ಮಗಳ ಕೈಗೆ ಕೊಟ್ಟಳು. ನಿಸರ್ಗ ಅಳುತ್ತಿದ್ದಳು. ಆಶ್ಚರ್ಯವೆಂದರೆ ದ್ಯಾವಯ್ಯ ಬಾಯಿಬಿಟ್ಟ. ನೆನ್ನೆ ಅಷ್ಟೆಲ್ಲ ನಡೆದ ಮೇಲೂ ಮಾರುವುದು ಬೇಡ, ಅಣ್ಣನನ್ನು ಒಂದು ಮಾತು ಕೇಳುತ್ತೇನೆ ಎಂದ. ಯಾರನ್ನೂ ಬೇಡಬೇಕಾಗಿಲ್ಲ, ಊರ ಮುಂದೆ ಆಡಿದ ಮಾತನ್ನು ನುಂಗಿ ನಾನು ಈ ಬೀದಿಯಲ್ಲಿ ಓಡಾಡಲಾರೆ ಎಂದು ಅವಳು ಹಗ್ಗ ಹಿಡಿದಳು. ಕೆಂಪಿ ಗಾಡಿಯ ಹಲಗೆ ಮೂಸಿ ನೋಡಿ ಹಿಂದಕ್ಕೆ ಸರಿಯಿತು.

ಆಗ ಬೀದಿಯಲ್ಲಿ ಗಂಟೆಯ ದನಿ ಕೇಳಿತು. ಚನ್ನಪ್ಪ ಕಾವೇರಿಯನ್ನು ಹಿಡಿದುಕೊಂಡು ಬಂದು ಗಾಡಿಗೆ ಅಡ್ಡಲಾಗಿ ನಿಂತ. ಅವನ ಹಿಂದೆ ಡೈರಿಗೆ ಹೊರಟಿದ್ದವರೆಲ್ಲ ಕ್ಯಾನು ಹಿಡಿದು ನಿಂತರು.

“ಕೆಂಪಿನ ಸಂತೇಲಿ ಬುಟ್ಬುಟ್ಟು ಬಂದ್ರೆ ಸಾಯಂಕಾಲ ನಮ್ ದನ ಯಾರ ಬೆಳಕಲ್ಲಿ ರಸ್ತೆ ದಾಟ್ಬೇಕು ತಾಯವ್ವ?” ಎಂದ.

“ಮಾತು ಕೊಟ್ಟಿವ್ನಿ ಭಾವ.”

“ಕೊಟ್ಟಿದ್ದು ನಂಗೆ ತಾನೆ. ನಾನೇ ವಾಪಸ್ ಕೊಡ್ತಾ ಇವ್ನಿ, ಇಸ್ಕೊ.”

ಪುಟ್ಟತಾಯಮ್ಮನ ಕೈಯಿಂದ ಹಗ್ಗ ಜಾರಿತು. ಚನ್ನಪ್ಪ ಅಷ್ಟಕ್ಕೇ ನಿಲ್ಲಲಿಲ್ಲ. ನಿಸರ್ಗಳ ಕೈಯಲ್ಲಿದ್ದ ಕೊರಡನ್ನು ಇಸಿದುಕೊಂಡು, ಎಲ್ಲರೂ ನೋಡುತ್ತಿರುವಂತೆ ತಾನೇ ಬಗ್ಗಿ ಕೆಂಪಿಯ ಕೊರಳಿಗೆ ಕಟ್ಟಿದ. ಆಮೇಲೆ, ಕಾವೇರಿಗೂ ಇಂಥದ್ದೇ ಒಂದು ಮಾಡಿಕೊಡು ಮಗಾ ಎಂದ. ದೊಡ್ಡಪ್ಪ, ಊರಿನವರು ಕಳ್ಳದನ ಅನ್ನುತ್ತಾರೆ, ಅಲ್ಲದೆ ಕಾವೇರಿಯ ನಡಿಗೆಗೆ ಅದು ಹತ್ತುವುದೂ ಇಲ್ಲ ಎಂದಳು ಅವಳು. ಅನ್ನುವವರು ಅನ್ನಲಿ, ಹತ್ತದಿದ್ದರೂ ಕೊರಳಲ್ಲಿರಲಿ, ಒಂದಲ್ಲ ಒಂದು ದಿನ ಹತ್ತೀತು ಎಂದ ಚನ್ನಪ್ಪ. ಇಷ್ಟು ವರ್ಷ ತನ್ನ ಕತ್ತು ಬಗ್ಗಿಸಿದ ಕೊರಡನ್ನು ಡೈರಿ ಅಧ್ಯಕ್ಷ ತನ್ನ ಹಸುವಿಗೆ ಬೇಡುತ್ತಿರುವುದನ್ನು ನೋಡಿ ಪುಟ್ಟತಾಯಮ್ಮನಿಗೆ ಹೊಟ್ಟೆಯೊಳಗಿಂದ ಹೆಮ್ಮೆ ಉಕ್ಕಿ ಬಂತು. ಅಳು ಬಂದದ್ದನ್ನು ಯಾರೂ ನೋಡಬಾರದೆಂದು ಗಾಡಿಯವನನ್ನು, ಇನ್ನೂ ಯಾಕೆ ನಿಂತಿದ್ದೀಯ ಎಂದು ಗದರಿದಳು.

ದೀಪಾವಳಿ ಕಳೆಯುವ ಹೊತ್ತಿಗೆ ಬಿದರಕೊಪ್ಪಲಿನ ದನಗಳ ಕೊರಳಲ್ಲೆಲ್ಲ ಕೊರಡು. ಬಸ್ಸಿನಲ್ಲಿ ಹೋಗುವವರು ಕಿಟಕಿಯಲ್ಲಿ ಬಗ್ಗಿ, ಇದೇನು ಊರಿನ ದನವೆಲ್ಲ ತುಡುಗೇ ಎಂದು ಕೇಳುವುದು ಮಾಮೂಲಾಯಿತು. ಕಾಲೇಜಿನಿಂದ ನೋಡಲು ಬಂದ ಮೇಷ್ಟ್ರುಗಳಿಗೆ ನಿಸರ್ಗ ಉದ್ದನೆಯ ಹೆಸರೊಂದನ್ನು ಹೇಳಿದಳು. ಊರಿನವರು ಅದಕ್ಕೆ ಕೆಂಪಿದೀಪ ಎಂದೇ ಕರೆದರು. ಬೆಳಿಗ್ಗೆ ಹೋಗುವಾಗಲೂ ಸಂಜೆ ಬರುವಾಗಲೂ ಕೆಂಪಿಯೇ ಮುಂದೆ. ಎಲ್ಲ ದನದ ದೀಪವೂ ಒಂದಿಷ್ಟಾದರೂ ಮಿನುಗುತ್ತಿತ್ತು, ಕಾವೇರಿಯದೊಂದು ಬಿಟ್ಟು. ಚನ್ನಪ್ಪ ದಿನಾ ಸಂಜೆ ರಸ್ತೆಯಲ್ಲಿ ನಿಂತು ನೋಡುವುದು, ಸಪ್ಪೆ ಮುಖ ಮಾಡಿಕೊಂಡು ಮನೆಗೆ ಹೋಗುವುದು. ಪುಟ್ಟತಾಯಮ್ಮನಿಗೆ ಅದನ್ನು ನೋಡಿದರೆ ಪಾಪ ಅನ್ನಿಸುತ್ತಿತ್ತು.

ಪುಷ್ಯ ಮಾಸದಲ್ಲಿ ಅವಳ ಹಿತ್ತಲಿನ ಅವರೆ ಸೊಗಡು ಕಟ್ಟಿ ನಿಂತಿತ್ತು. ಒಂದು ಸಂಜೆ ಹಿತಕಿದ ಬೇಳೆ ಸಾರಿಗೆ ಕಾಯಿ ಬಿಡಿಸಲೆಂದು ಮೊರ ಹಿಡಿದು ಹಿತ್ತಲ ಬಾಗಿಲು ತೆಗೆದರೆ, ಬಳ್ಳಿಗಳ ನಡುವೆ ಕೆಂಪು ದೀಪ ಫಳ್ ಫಳ್ ಎನ್ನುತ್ತಿದೆ. ಕೆಂಪಿ ಇರಬೇಕೆಂದು ಕೋಲಿಗೆ ಕೈಹಾಕಿದಳು. ಹಾಕಿದವಳು ಹಾಗೇ ನಿಂತಳು. ಕೆಂಪಿ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ಮಲಗಿತ್ತು. ಹಿತ್ತಲಲ್ಲಿ ಢಣ್ ಎಂದು ಕಂಚಿನ ಗಂಟೆಯ ದನಿ.

ಬೇಲಿ ಮುರಿದಿತ್ತು. ಅರ್ಧ ಸಾಲು ಅವರೆ ನೆಲಸಮವಾಗಿತ್ತು. ಬೇರೆ ದಿನವಾಗಿದ್ದರೆ ಅವಳ ಬಾಯಿಗೆ ಊರು ಎದ್ದು ಕೂರುತ್ತಿತ್ತು. ಅವಳು ಕೋಲನ್ನು ಗೋಡೆಗೆ ಒರಗಿಸಿ, ಬೇಲಿಯವರೆಗೆ ಹೋಗಿ, ಚನ್ನಪ್ಪನ ಮನೆಯ ಕಡೆ ತಿರುಗಿ, ಸ್ವಂತ ಮಗಳು ಪರೀಕ್ಷೆಯಲ್ಲಿ ಪಾಸಾದ ದಿನದ ದನಿಯಲ್ಲಿ ಕೂಗಿದಳು.

“ಭಾವ, ಬೇಗ ಬನ್ನಿ! ನಿಮ್ ಕಾವೇರಿ ನಮ್ ಅವರೇಕಾಯಲ್ಲಿ ದೀಪ ಅಚ್ಚವಳೆ!”